ಫೋನಿನೊಳಗೆ ಸತ್ತ ಹಸು

ನವೆಂಬರ್ ೩, ಸೋಮವಾರ

ನೀರಿನ ತೊಟ್ಟಿಯ ಪಾಚಿ ಉಜ್ಜುತ್ತಿದ್ದೆ, ತಂಗಿ ಕೆಡಿಬೊನ್ಯೆ ದೊಡ್ಡಿಯ ಬೇಲಿ ದಾಟಿ ಬಂದಳು. ಬಸ್ ನಿಲ್ದಾಣದಲ್ಲಿ ಹಿಟ್ಟಿನ ಉಂಡೆ ಮಗ್ವಿನ್ಯಾ ಕರಿದು ಮಾರುವ ಹೆಂಗಸು, ವ್ಯಾಪಾರದ ಹೊತ್ತಿನಲ್ಲಿ ಬಾಣಲೆ ಇಳಿಸಿ ಇಷ್ಟು ದೂರ ನಡೆದು ಬಂದಳೆಂದರೆ ಊರಲ್ಲಿ ಯಾರೋ ಸತ್ತಿರಬೇಕು.

“ಯಾರೇ ಹೋದ್ರು?”

“ಯಾರೂ ಹೋಗಿಲ್ಲ. ದುಡ್ಡು ಬಂದಿದೆ, ಕೈಗೆ ಬರ್ತಿಲ್ಲ.”

ಫೋನು ತೋರಿಸಿದಳು. ಅದರಲ್ಲಿ ಚಿನ್ನದ ಕೊಂಬಿನ ಹೋರಿಯೊಂದು ಕಣ್ಣು ಮಿಟುಕಿಸುತ್ತಿತ್ತು. ಆಟದ ಹೆಸರೇ ಚಿನ್ನದ ಹೋರಿ. ಇವಳು ಇನ್ನೂರು ಪುಲಾ ಹಾಕಿದಳಂತೆ, ಅವರು ತಮ್ಮ ಕಡೆಯಿಂದ ಇನ್ನೂರು ಬೋನಸ್ ಕೊಟ್ಟರಂತೆ. ಹಣ್ಣಿನ ಚಿತ್ರ ಗಿರಗಿರನೆ ತಿರುಗಿಸಿ ತಿರುಗಿಸಿ ಈಗ ಸಾವಿರದ ಮೇಲಾಗಿದೆ. ತೆಗೆಯಲು ಹೋದರೆ ‘ಷರತ್ತು ಪೂರೈಸಿಲ್ಲ’ ಎನ್ನುತ್ತದೆ. ನಮ್ಮ ಹಣಕ್ಕೆ ಪುಲಾ ಎಂದು ಮಳೆಯ ಹೆಸರಿಟ್ಟವರು ತಿಳಿದೇ ಇಟ್ಟರು. ಮೋಡ ಕಾಣುತ್ತದೆ, ಗುಡುಗು ಕೇಳುತ್ತದೆ, ಮುಖದ ಮೇಲೆ ಹನಿ ಮಾತ್ರ ಬೀಳುವುದಿಲ್ಲ.

“ನೀನು ಓದ್ದೋನು. ಇದೇನು ಅಂತ ಹೇಳು.”

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಲಸಿಕೆಯ ಬಾಟಲಿ, ಹಿಂಡಿಯ ಚೀಲ, ಬೆಂಕಿ ಹಚ್ಚಲು ತಂದ ಹಳೆಯ ಪತ್ರಿಕೆ, ಇವುಗಳ ಮೇಲಿನ ಅಕ್ಷರ ಕೂಡಿಸಿಕೊಂಡೇ ಇಂಗ್ಲಿಷ್ ಕಲಿತೆ. ಈಗ ಊರವರ ಮಾತ್ರೆ ಚೀಟಿ, ಸರ್ಕಾರದ ನೋಟೀಸು, ನೆಂಟರ ಕಾಗದ ಎಲ್ಲ ನನ್ನ ಹತ್ತಿರವೇ ಬರುತ್ತವೆ. ನಾಳೆ ಓದುತ್ತೇನೆ, ಫೋನು ಬಿಟ್ಟುಹೋಗು ಎಂದೆ.

ಜೂಜಿನ ಗಾಳಿಯೂ ನನಗೆ ಸೋಕಿಲ್ಲ, ಸೋಕುವುದೂ ಬೇಡ. ನನ್ನ ಮನಸ್ಸೆಲ್ಲ ಈಗ ಗಬ್ಬದ ಹಸು ತಿಲೋಡಿಯ ಮೇಲಿದೆ. ತಿಂಗಳೊಳಗೆ ಕರು ಹಾಕುತ್ತಾಳೆ. ಅವಳ ಒಡತಿ ಟಿರೋನಮ್ಮ ಕಳೆದ ಸಲ ಬಂದಾಗ ಬಾಯಿಬಿಟ್ಟು ಹೇಳಿಹೋಗಿದ್ದಾರೆ: “ಒಲೆಬಿಲೆ, ಈ ಸಲ ನಿನ್ನ ಕೈಲಿ ಹುಟ್ಟಿದ ಕರು ನಿಂದೇ.” ತಲೆ ನರೆಯುವ ತನಕ ಬೇರೆಯವರ ದನ ಕಾಯ್ದೆ. ನನ್ನದು ಎನ್ನಲು ಒಂದು ಬಾಲವೂ ಇರಲಿಲ್ಲ.

ನವೆಂಬರ್ ೪, ಮಂಗಳವಾರ

ಷರತ್ತಿನ ಅಕ್ಷರಗಳು ದನದ ಉಣ್ಣೆಹುಳದ ಮರಿಗಳಷ್ಟು ಸಣ್ಣ. ಒಂದೊಂದನ್ನೂ ಕಿತ್ತು ನೋಡಬೇಕಾಯಿತು. ಬೆಳಗಿನ ಗಂಜಿ ಆರಿಹೋಯಿತು. ಕೊನೆಗೆ ಈ ಸಾಲು ಸಿಕ್ಕಿತು: ಬೋನಸ್ ಹಣವು ಷರತ್ತು ಪೂರೈಸುವ ತನಕ ಸಂಸ್ಥೆಯ ಸ್ವತ್ತು, ಆಟಗಾರನು ಅದನ್ನು ಬಳಸಬಹುದು, ಹಿಂಪಡೆಯುವಂತಿಲ್ಲ.

ತೊಡೆ ತಟ್ಟಿಕೊಂಡು ಎದ್ದೆ. ಕೆಡಿ ಬಂದೊಡನೆ ಹೇಳಿದೆ, “ಇದು ಜೂಜಲ್ವೇ ಹುಚ್ಚಿ, ಇದು ಮಾಫಿಸಾ!”

“ಯಾವ್ ಮಾಫಿಸಾ?”

“ಎಷ್ಟಿವೆ ಮಾಫಿಸಾ? ಟಿರೋನಮ್ಮನ ದನ ನನ್ನ ಹತ್ರ ಇಲ್ವಾ? ಹಾಲು ಕರ್ಕೋ, ಉಳೋಕೆ ಕಟ್ಕೋ, ಸಗಣಿ ಬಳ್ಕೋ. ಮಾರೋ ಹಾಗಿಲ್ಲ, ಕಡಿಯೋ ಹಾಗಿಲ್ಲ. ಹಸು ಅವರದು, ಕಾಯೋದು ನಾನು. ಹಂಗೇ ಈ ಕಂಪನಿಯೋರು ಇನ್ನೂರು ಪುಲಾನ ನಿನ್ನ ಹತ್ರ ಮೇಯೋಕೆ ಬಿಟ್ಟಿದಾರೆ.”

“ನಾನು ಕೇಳಿರ್ಲಿಲ್ವಲ್ಲೋ!”

“ಹಸಿರು ಗುಂಡಿ ಒತ್ತಿದ್ಯಾ?”

“ಒತ್ತಿದೆ.”

“ಅಲ್ಲಿಗೆ ಹಗ್ಗ ಕೈಗೆ ತಗೊಂಡ ಹಾಗೇ.”

ಹೀಗೆ ನೋಡಿದ ಮೇಲೆ ಒಂದೊಂದು ಷರತ್ತೂ ತಾನಾಗಿ ಬಾಯಿಬಿಟ್ಟಿತು. ಬೋನಸ್ಸಿನ ನಲವತ್ತು ಪಟ್ಟು ತಿರುಗಿಸಬೇಕು, ಅಂದರೆ ಎಂಟು ಸಾವಿರ ಪುಲಾದಷ್ಟು ಆಟ. ಸರಿ, ದನ ತಿರುಗಿಸದೆ ಹಾಲು ಬರುತ್ತದೆಯೇ? ಹಣ್ಣಿನ ಚಿತ್ರದ ಆಟ ಪೂರ್ತಿ ಲೆಕ್ಕಕ್ಕೆ, ಇಸ್ಪೀಟು ಹತ್ತರಲ್ಲೊಂದು ಪಾಲು. ಒಂದು ಹುಲ್ಲುಗಾವಲು, ಇನ್ನೊಂದು ಮುಳ್ಳುಗಾಡು. ಒಂದು ಸಲಕ್ಕೆ ಐದು ಪುಲಾಕ್ಕಿಂತ ಹೆಚ್ಚು ಹಾಕಬಾರದು. ದನವನ್ನು ಓಡಿಸಬಾರದು ಎಂದು ಅರ್ಥ. ಹದಿನಾಲ್ಕು ದಿನದೊಳಗೆ ಮುಗಿಸಬೇಕು. ಮಳೆಗಾಲ ಯಾರಿಗಾಗಿ ಕಾಯುತ್ತದೆ? ಕೊನೆಗೆ ಎಷ್ಟೇ ಗೆದ್ದರೂ ಸಾವಿರಕ್ಕಿಂತ ಹೆಚ್ಚು ಕೊಡುವುದಿಲ್ಲ. ಕರೆಯುವ ಬಿಂದಿಗೆ ತುಂಬಿದ ಮೇಲೆ ಉಳಿದದ್ದು ಕರುವಿಗೆ.

ಕೆಡಿ ಫೋನಿನೊಳಗೆ ಇಣುಕಿದಳು. “ಎಲ್ಲಾ ಸರಿ ಅಣ್ಣಾ. ಇದ್ರಲ್ಲಿ ಹಸು ಎಲ್ಲಿದೆ?”

ಹೆಂಗಸರಿಗೆ ದನದ ವಿಷಯ ತಿಳಿಯುವುದು ಕಷ್ಟ. ಮೇಯಿಸುವುದು ನನ್ನ ಹೊಣೆ ಎಂದೆ.

ನವೆಂಬರ್ ೬, ಗುರುವಾರ

ಒಡೆಯರನ್ನು ಮಾತಾಡಿಸದೆ ಅವರ ದನ ಮೇಯಿಸುವುದು ಮರ್ಯಾದೆಯಲ್ಲ. ಫೋನಿನ ಮೂಲೆಯಲ್ಲಿ ಕಾಗದ ಬರೆಯುವ ಜಾಗವಿದೆ. ಒತ್ತಿದೆ. “ನಮಸ್ಕಾರ! ನಾನು ಲೊರಾಟೊ. ಹೇಗೆ ಸಹಾಯ ಮಾಡಲಿ?” ಎಂದು ಬಂತು. ಒಳ್ಳೆಯ ಹೆಸರು, ಪ್ರೀತಿ ಅಂತ.

ನಾನು ಬರೆದೆ: “ನಮಸ್ಕಾರ ಮಗಳೇ. ಚೆನ್ನಾಗಿ ಎದ್ದೆಯಾ? ನಾವು ಚೆನ್ನಾಗಿ ಎದ್ದಿದ್ದೇವೆ. ನಿಮ್ಮ ಕಡೆ ಮಳೆ ಬಿತ್ತೇ?”

“ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ. ಇಂದಿನ ಕೊಡುಗೆಗಳನ್ನು ನೋಡುವಿರಾ?”

ಪೇಟೆಯ ಮಗು, ನಮಸ್ಕಾರ ಕಲಿಸುವ ಹಿರಿಯರು ಮನೆಯಲ್ಲಿ ಇರಲಿಲ್ಲವೇನೋ. ನಿಧಾನವಾಗಿ ಕೇಳಿದೆ, “ನಿನ್ನ ತಂದೆ ಯಾರು ಮಗಳೇ?”

“ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ.”

ಪಾಪ. ಅಂಥ ಮಾತು ಮತ್ತೆ ಕೆದಕಬಾರದು ಎಂದು ನಾನೇ ಮಾತು ತಿರುಗಿಸಿದೆ. ಮುಖ್ಯವಾದದ್ದನ್ನು ಕೇಳಿದೆ: ಮೇಯಿಸುವಾಗ ಹಸು ಸತ್ತರೆ ಚರ್ಮ ಯಾರಿಗೆ ತಂದೊಪ್ಪಿಸಬೇಕು? ಮಾಫಿಸಾದ ಹಸು ಸತ್ತಾಗ ಚರ್ಮ ತಂದು ತೋರಿಸದವನು ಕಳ್ಳ. ಅದು ಕಾಯುವವನ ಮಾತಿಗೆ ಸಾಕ್ಷಿ. ಇದಕ್ಕೆ ಹುಡುಗಿ ಸರಿಯಾಗಿ ಉತ್ತರ ಕೊಟ್ಟಳು: “ನಿಮ್ಮ ಸಮಸ್ಯೆ ನಮಗೆ ಮುಖ್ಯ. ಹತ್ತಿರದ ನಮ್ಮ ಅಂಗಡಿಗೆ ಭೇಟಿ ಕೊಡಿ.” ಹತ್ತಿರದ್ದು ಸೆರೋವೆ ಪೇಟೆಯಲ್ಲಿದೆ. ತಿಳಿದಿದ್ದರೆ ಒಳ್ಳೆಯದು. ಸಾಯಲಿ ಎಂದಲ್ಲ.

ತಿಲೋಡಿಯ ಕೆಚ್ಚಲು ಸ್ವಲ್ಪ ಇಳಿದಿದೆ, ದಿನ ಹತ್ತಿರವಾಯಿತು.

ನವೆಂಬರ್ ೮, ಶನಿವಾರ

ದೊಡ್ಡಿಯಲ್ಲಿ ನೆಟ್‌ವರ್ಕ್ ಬಂದು ಬಂದು ಹೋಗುತ್ತದೆ. ಬಾವಿಯ ಆಚೆಯ ಕೆಂಪು ಹುತ್ತ ಹತ್ತಿದರೆ ಎರಡು ಗೆರೆ ಬರುತ್ತದೆ. ಒಂದು ಗೋಣಿಚೀಲ ಹಾಸಿಕೊಂಡು ತುದಿಯಲ್ಲಿ ಕೂತಿದ್ದೆ. ಅಲ್ಲಿಂದ ಬಯಲೆಲ್ಲ ಕಾಣುವುದರಿಂದ ಎರಡೂ ಹಿಂಡನ್ನು ಒಟ್ಟಿಗೆ ಕಾಯಬಹುದು. ಇದು ನನ್ನದೇ ಉಪಾಯ.

ಫೋನಿನ ದನದ್ದು ವಿಚಿತ್ರ ಸ್ವಭಾವ. ಬೆಳಗ್ಗೆ ಸಾವಿರದ ಇನ್ನೂರು ಇತ್ತು, ಬಿಸಿಲೇರುವಾಗ ಒಂಬೈನೂರು, ಆಮೇಲೆ ಮೂರು ನಿಂಬೆಹಣ್ಣು ಸಾಲಾಗಿ ನಿಂತು ಸಾವಿರದ ನಾನೂರು. ಮೂರು ನಿಂಬೆ ನಿಂತಾಗ ನಾನು ಕೂಗಿದೆನಂತೆ. ಹಾದಿಯಲ್ಲಿ ಹೋಗುತ್ತಿದ್ದ ಬಸಿಮಾನೆ, ಎಪ್ಪತ್ತು ದಾಟಿದ ನಮ್ಮ ನೆರೆಯವನು, ಹಾವು ಕಚ್ಚಿತೆಂದು ದೊಣ್ಣೆ ಹಿಡಿದು ಓಡಿಬಂದ.

“ಏನ್ ಕಚ್ತೋ?”

“ನಿಂಬೆಹಣ್ಣು.”

ಅವನು ದೊಣ್ಣೆ ಇಳಿಸಲಿಲ್ಲ.

ಇದು ಜೂಜಲ್ಲವೆಂದು ಅವನಿಗೂ ಬಿಡಿಸಿ ಹೇಳಿದೆ. ಜೂಜುಕೋರ ಗೆಲ್ಲಬೇಕೆಂದು ಆಡುತ್ತಾನೆ, ನಾನು ತಿರುಗಿಸಬೇಕೆಂದು ಆಡುತ್ತೇನೆ. ವ್ಯತ್ಯಾಸ ಬಹಳವಿದೆ.

ನವೆಂಬರ್ ೯, ಭಾನುವಾರ

ಬರೆಯಲು ಬಿಡುವಿಲ್ಲ. ಮೇಯಿಸುತ್ತಿದ್ದೇನೆ.

ನವೆಂಬರ್ ೧೧, ಮಂಗಳವಾರ

ಇಂದು ನನ್ನನ್ನು ಊರಿನ ನ್ಯಾಯದ ಕೂಟ ಕೊಟ್ಲಾಕ್ಕೆ ಕರೆಸಿದ್ದರು. ತಪ್ಪಿತಸ್ಥನಾಗಿ ಅಲ್ಲ, ತಿಳಿದವನಾಗಿ. ಬಸಿಮಾನೆ ಡಂಗುರ ಹೊಡೆದಿದ್ದಾನೆ. ತೀರ್ಪು ನಡೆಯುವ ಮರದಡಿ ಗಂಡಸರೆಲ್ಲ ತಮ್ಮ ತಮ್ಮ ಕುರ್ಚಿ, ತಮ್ಮ ತಮ್ಮ ಫೋನು ತಂದು ಕೂತಿದ್ದರು. ಅರ್ಧ ಊರು ಗುಟ್ಟಾಗಿ ಹಸಿರು ಗುಂಡಿ ಒತ್ತಿದೆ! ಪಾದ್ರಿಯ ಬಾವಮೈದನೂ ಒತ್ತಿದ್ದಾನೆ.

ಒಬ್ಬ ಕೇಳಿದ, “ಅಣ್ಣಾ, ಷರತ್ತು ಮುಗಿಯೋಕೆ ಮುಂಚೆ ನಾನು ಹಾಕಿದ್ದನ್ನ ವಾಪಸ್ ತಗೊಂಡ್ರೆ?”

“ಬೋನಸ್ಸೂ ಹೋಯ್ತು, ಅದ್ರಿಂದ ಬಂದಿದ್ದೂ ಹೋಯ್ತು. ಹಸೂನ ಅರ್ಧದಾರೀಲಿ ಬಿಟ್ಟೋನಿಗೆ ಕರು ಕೇಳೋ ಹಕ್ಕಿಲ್ಲ.”

“ಇದು ನ್ಯಾಯ,” ಎಂದರು ಮುಖಂಡರು.

“ಒಂದ್ಸಲ ಆರು ಪುಲಾ ಹಾಕ್ಬಿಟ್ಟೆ, ಕೈ ತಪ್ಪಿ,” ಎಂದ ಇನ್ನೊಬ್ಬ.

“ಗೆದ್ಯಾ ಸೋತ್ಯಾ?”

“ಗೆದ್ದೆ.”

“ಹಂಗಾದ್ರೆ ತಪ್ಪು. ಸೋತಿದ್ರೆ ಅವರು ನೋಡ್ತಾನೇ ಇರ್ಲಿಲ್ಲ.”

ಎಲ್ಲರೂ ನಕ್ಕು ಕೈ ತಟ್ಟಿದರು. ಮುಖಂಡರು ತಮ್ಮ ಪಕ್ಕದ ಕುರ್ಚಿಗೆ ನನ್ನನ್ನು ಕರೆದರು. ದನವಿಲ್ಲದವನು ಅಲ್ಲಿ ಕೂತದ್ದನ್ನು ನಾನು ಈವರೆಗೆ ಕಂಡಿಲ್ಲ. ಸಂಜೆ ದೊಡ್ಡಿಗೆ ಮರಳುವಷ್ಟರಲ್ಲಿ ದನ ತಾವಾಗಿಯೇ ನೀರಿಗೆ ಬಂದು ಹೋಗಿದ್ದವು. ಎಣಿಸಲಿಲ್ಲ. ಬಂದಿರುತ್ತವೆ.

ನವೆಂಬರ್ ೧೩, ಗುರುವಾರ

ಕೆಡಿ ಹುತ್ತದ ಬುಡಕ್ಕೇ ಬಂದು ಜಗಳ ತೆಗೆದಳು.

“ಫೋನ್ ಕೊಡು. ಜನ ಮಗ್ವಿನ್ಯಾಗೆ ಫೋನಲ್ಲೇ ದುಡ್ಡು ಹಾಕೋದು. ವಾರದಿಂದ ಸಾಲ ಕೊಡ್ತಾ ಇದೀನಿ.”

“ಇನ್ನು ಸ್ವಲ್ಪಾನೇ ಇರೋದು.”

“ನಂಗೆ ಬೇಡ ಆ ದುಡ್ಡು. ಬಿಟ್ಬಿಡು.”

“ನಿಂದು ಅಂತ ಯಾರು ಹೇಳಿದ್ರು? ಹಸು ಕಂಪನೀದು. ಬಿಟ್ರೆ ನನ್ನ ಹೆಸರು ಹೋಗುತ್ತೆ.”

“ಕೆಳಗಿಳಿಯೋ ಅಣ್ಣಾ. ಮೈಯೆಲ್ಲಾ ಗೆದ್ದಲು ಹತ್ತಿದೆ ನಿಂಗೆ. ತಿಲೋಡಿ ಎಲ್ಲಿ?”

“ಅಲ್ಲೇ.”

“ಎಲ್ಲಿ ಅಲ್ಲೇ?”

ಮೂರನೇ ನಿಂಬೆ ನಿಲ್ಲುವುದರಲ್ಲಿತ್ತು. ಇವಳ ಮಾತಿಗೆ ದ್ರಾಕ್ಷಿಯಾಯಿತು.

ನವೆಂಬರ್ ೧೪, ಶುಕ್ರವಾರ

ಮಧ್ಯಾಹ್ನ ಸೊನ್ನೆಯಾಯಿತು.

ಇನ್ನು ನಾನೂರು ತಿರುಗಿಸಿದ್ದರೆ ಮುಗಿಯುತ್ತಿತ್ತು. ನನ್ನ ಮುಪ್ಪಿನ ಪಿಂಚಣಿಯಿಂದ ನೂರು ಹಾಕಿದೆ, ಮೇವು ತಂದಂತೆ. ಅದನ್ನೂ ತಿಂದು ಸತ್ತಿತು. ಚಿನ್ನದ ಹೋರಿ ಮಾತ್ರ ಇನ್ನೂ ಕಣ್ಣು ಮಿಟುಕಿಸುತ್ತಿದೆ.

ಟಿರೋನಮ್ಮನಿಂದ ಸಂದೇಶ ಬಂದಿದೆ, ಮಂಗಳವಾರ ದನ ನೋಡಲು ಬರುತ್ತಾರೆ. ಸಂಜೆ ನೀರಿನ ಹತ್ತಿರ ತಿಲೋಡಿ ಕಾಣಲಿಲ್ಲ. ಆದರೆ ಮೊದಲ ಕೆಲಸ ಮೊದಲು. ನಾಳೆ ಸೆರೋವೆಗೆ ಹೋಗಿ ಚರ್ಮ ಒಪ್ಪಿಸಬೇಕು.

ನವೆಂಬರ್ ೧೫, ಶನಿವಾರ

ಕೋಟು ಹಾಕಿಕೊಂಡು ಮೊದಲ ಬಸ್ಸಿಗೆ ಹೋದೆ. ಪೇಟೆಯ ಛಾಪಿಸುವ ಅಂಗಡಿಯಲ್ಲಿ ಫೋನಿನ ಆ ಸೊನ್ನೆಯ ಪುಟವನ್ನು ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿಸಿದೆ. “ಬಣ್ಣದಲ್ಲೋ, ಕಪ್ಪುಬಿಳುಪೋ?” ಎಂದು ಅಂಗಡಿಯ ಹುಡುಗಿ ಕೇಳಿದಳು. ಚರ್ಮಕ್ಕೆ ಬಣ್ಣ ಇರಬೇಕೆಂದು ಬಣ್ಣದಲ್ಲೇ ಹಾಕಿಸಿದೆ. ಸುರುಳಿ ಸುತ್ತಿ, ಹುರಿಯಿಂದ ಕಟ್ಟಿ, ಹೆಗಲ ಮೇಲೆ ಹೊತ್ತು ಚಿನ್ನದ ಹೋರಿಯ ಅಂಗಡಿಗೆ ನಡೆದೆ.

ಒಳಗೆ ಗಾಜಿನ ಹಿಂದೆ ಕೂತಿದ್ದ ಹುಡುಗ ಏನೂ ಕೇಳಿಸಿಕೊಳ್ಳದೆ “ಅಕೌಂಟ್ ನಂಬರ್?” ಎಂದ. ಬಾಗಿಲ ಕಾವಲುಗಾರ ಮಾತ್ರ ಹೆಗಲ ಮೇಲಿನ ಸುರುಳಿ ನೋಡಿ ಟೋಪಿ ತೆಗೆದ. ನನ್ನಷ್ಟೇ ವಯಸ್ಸು, ಬೂಟಿನಲ್ಲಿ ಹಳ್ಳಿಯ ನಡಿಗೆ.

“ಯಜಮಾನ್ರೇ, ಅದು ಚರ್ಮಾನಾ?”

“ಚರ್ಮ. ಒಡೆಯರಿಗೆ ಒಪ್ಪಿಸ್ಬೇಕು.”

“ಒಡೆಯರು ಈ ದೇಶದಲ್ಲೇ ಇಲ್ಲ. ಎಲ್ಲೋ ಸಮುದ್ರದ ನಡುವೆ ದ್ವೀಪ ಅಂತೆ. ನಾನು ತಗೋಬಹುದು, ನಿಮಗೆ ಆಗುತ್ತಾ?”

ಆಗುತ್ತದೆ ಎಂದೆ. ಅವನು ಮೆಟ್ಟಿಲ ನೆರಳಲ್ಲಿ ನನ್ನನ್ನು ಕೂರಿಸಿ, ಹಾಳೆ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ನಗಲಿಲ್ಲ. ಚರ್ಮ ತಂದವನನ್ನು ಹೇಗೆ ಕೇಳಬೇಕೋ ಹಾಗೆ ಕೇಳಿದ.

“ಏನಾಗಿ ಸತ್ತಿತು?”

“ತಿರುಗೀ ತಿರುಗೀ.”

“ಕಡೇ ಸಲ ಜೀವಂತ ಯಾವಾಗ ನೋಡಿದ್ರಿ?”

“ನಿನ್ನೆ ಮಧ್ಯಾಹ್ನ.”

“ಗರ್ಭ ಇತ್ತಾ?”

“ಇತ್ತು. ತುಂಬಿತ್ತು. ಕೆಚ್ಚಲು ಇಳಿದಿತ್ತು...”

ಬಾಯಿಗೆ ಬಂದದ್ದು ತಿಲೋಡಿ. ಅವನು ಹಾಳೆ ಪಕ್ಕಕ್ಕಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, “ಯಜಮಾನ್ರೇ, ಅದನ್ನ ಕಡೇ ಸಲ ಯಾವಾಗ ನೋಡಿದ್ರಿ?”

ಸೋಮವಾರವೋ, ಭಾನುವಾರವೋ. ಎದ್ದೆ. “ಚರ್ಮ ನಂಗೆ ಸಂದಿದೆ, ನೀವಿನ್ನು ಓಡಿ,” ಎಂದ ಅವನು.

ಬಸ್ಸು ಬಹಳ ನಿಧಾನ ಹೋಯಿತು.

ನವೆಂಬರ್ ೧೬, ಭಾನುವಾರ

ನಿನ್ನೆ ಬಸ್ಸಿಳಿದಾಗಲೇ ಹೇಳಿದ್ದೆ, ಬೆಳಕಾಗುವ ಮೊದಲೇ ಕೆಡಿ ಬಂದಳು. ಬೈಯಲಿಲ್ಲ. ಅದೇ ಹೆಚ್ಚು ನೋಯಿಸಿತು. ನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಇಬ್ಬರೂ ಹೊರಟೆವು. ತಿಲೋಡಿಯ ಹೆಜ್ಜೆ ಹಳತಾಗಿ ಗಾಳಿ ಅಳಿಸಿತ್ತು. ಒಣ ಹೊಳೆಯ ಮರಳಿನಲ್ಲಿ ಮತ್ತೆ ಸಿಕ್ಕಿತು, ಎಳೆದ ಹೆಜ್ಜೆ, ಅಲ್ಲಲ್ಲಿ ಮಲಗಿ ಎದ್ದ ಗುರುತು. ಅದರ ಸುತ್ತ ನರಿಗಳ ಹೆಜ್ಜೆ. ಕೆಡಿ ನನ್ನ ತೋಳು ಹಿಡಿದುಕೊಂಡಳು. ಚಿಕ್ಕವಳಿದ್ದಾಗ ಕತ್ತಲೆಗೆ ಹೆದರಿ ಹಿಡಿಯುತ್ತಿದ್ದ ಹಾಗೆ. ಈಗ ಯಾರು ಹೆದರಿದ್ದರೋ.

ಹೊಳೆಯ ಆಚೆ ದಡದ ಮುಳ್ಳುಮರದ ಕೆಳಗೆ ತಿಲೋಡಿ ನಿಂತಿದ್ದಳು. ಪಕ್ಕೆ ಒಳಕ್ಕೆ ಹೋಗಿತ್ತು. ಕೊಂಬಿನ ತುದಿಯಲ್ಲಿ ಒಣಗಿದ ರಕ್ತ, ಅವಳದಲ್ಲ. ಅವಳ ಕಾಲುಗಳ ನಡುವೆ, ಅವಳದೇ ಪಟ್ಟೆ ಹೊತ್ತು, ಒಂದು ಹೆಣ್ಣುಕರು ನಿಂತಿತ್ತು. ನನ್ನನ್ನು ನೋಡಿ ತಿಲೋಡಿ ಕೊಂಬು ತಗ್ಗಿಸಿದಳು. ಇಷ್ಟು ವರ್ಷ ನನ್ನ ಕೈಯಿಂದ ಉಪ್ಪು ತಿಂದವಳು, ಗುರುತು ಹಿಡಿಯಲು ಸಮಯ ತೆಗೆದುಕೊಂಡಳು.

ಬಾಟಲಿಯ ನೀರೆಲ್ಲ ನನ್ನ ಟೋಪಿಗೆ ಸುರಿದು ಕುಡಿಸಿದೆವು. ಹಿಂದಿರುಗುವಾಗ ಕರುವನ್ನು ನಾನು ಹೊತ್ತಿದ್ದೆ. ಕೆಡಿ ಹೇಳಿದಳು:

“ನಾಡಿದ್ದು ಟಿರೋನಮ್ಮ ಬರ್ತಾರೆ. ನನ್ನ ಕೈಲೇ ಹುಟ್ತು ಅನ್ನು.”

“ಹುಟ್ಟಿಲ್ವಲ್ಲೇ.”

“ಹಸು ಹೋಗಿ ಹೇಳುತ್ತಾ? ನಾನು ಹೇಳ್ತೀನಾ? ಜೀವಮಾನದಲ್ಲಿ ಒಂದು ಕರು, ಅಣ್ಣಾ.”

ಕರುವಿನ ಎದೆ ನನ್ನ ಕತ್ತಿನ ಹಿಂದೆ ಬಡಿಯುತ್ತಿತ್ತು. ದಾರಿಯುದ್ದಕ್ಕೂ ಬಡಿಯಿತು.

ನವೆಂಬರ್ ೧೮, ಮಂಗಳವಾರ

ಟಿರೋನಮ್ಮ ಪಿಕಪ್ಪಿನಲ್ಲಿ ಪಲಾಪ್ಯೆಯಿಂದ ಬಂದರು. ಇಳಿದು, ಚಹಾ ಕುಡಿದು, ದನಗಳನ್ನೆಲ್ಲ ಹೆಸರು ಹಿಡಿದು ಕರೆದು, ಕೊನೆಗೆ ಕರುವಿನ ಹತ್ತಿರ ಬಂದು ಅದರ ಕಿವಿ ಮುಟ್ಟಿದರು.

“ಚೆನ್ನಾಗಿದೆ. ಯಾವ ಹೊತ್ತಲ್ಲಿ ಹುಟ್ತು?”

ಕೆಡಿ ಕೆಮ್ಮಿದಳು. ಒಂದು ಮಾತು ಸಾಕಿತ್ತು. ಬೆಳಗಿನ ಜಾವ ಎಂದಿದ್ದರೆ ಮುಗಿಯುತ್ತಿತ್ತು.

“ಗೊತ್ತಿಲ್ಲ ಅಮ್ಮಾ. ನಾನಿರ್ಲಿಲ್ಲ. ಹುತ್ತದ ಮೇಲಿದ್ದೆ.”

ಎಲ್ಲ ಹೇಳಿದೆ, ಹಸಿರು ಗುಂಡಿಯಿಂದ ಸೆರೋವೆಯ ಚರ್ಮದವರೆಗೆ. ಚರ್ಮಕ್ಕೆ ಬಣ್ಣ ಹಾಕಿಸಿದ್ದನ್ನು ಕೇಳಿ ಟಿರೋನಮ್ಮ ನಗಲು ಶುರುಮಾಡಿದರು. ನಕ್ಕು ನಕ್ಕು ತಲೆವಸ್ತ್ರ ಬಿಚ್ಚಿಹೋಯಿತು. ಅದನ್ನು ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ನಗು ಮುಗಿದಿತ್ತು.

“ನಿನ್ನ ಕೈಲಿ ಹುಟ್ಟಿದ್ದು ನಿಂದು ಅಂದಿದ್ದೆ.”

“ಹೌದಮ್ಮಾ.”

“ಇದು ತಿಲೋಡಿ ಒಬ್ಬಳೇ ಹೆತ್ತಿದ್ದು, ಒಬ್ಬಳೇ ಕಾಯ್ದಿದ್ದು. ತಿಲೋಡಿ ನನ್ನವಳು.”

“ಹೌದಮ್ಮಾ.”

“ಅಮ್ಮಾ,” ಎಂದು ಕೆಡಿ ನಡುವೆ ಬಂದಳು, “ಕೈಲಿ ಹುಟ್ಟಿಲ್ಲ ನಿಜ. ಆದ್ರೆ ಹೆಗಲ ಮೇಲೆ ಬಂದಿದೆ. ಹೊಳೆಯಿಂದ ಇಲ್ಲೀತನಕ ಹೊತ್ತಿದಾನೆ. ಷರತ್ತಲ್ಲಿ ಹೆಗಲು ಬರಲ್ವಾ?”

“ಕೆಡಿ, ನೀನು ಮಗ್ವಿನ್ಯಾ ಮಾರು.”

ಕರು ಹೋಯಿತು. ನಾನು ಕೇಳಿದೆ, “ಉಳಿದ ದನಾನೂ ಹೊಡ್ಕೊಂಡು ಹೋಗ್ತೀರಾ?”

ಅವರು ಪಿಕಪ್ಪಿನ ಕಡೆ ನೋಡಿದರು. ಆಗ ನೋಡಿದೆ, ಹಿಂದೆ ಬೇರೊಬ್ಬ ದನಗಾಹಿ ತನ್ನ ಹಾಸಿಗೆ, ಪಾತ್ರೆಯ ಗಂಟು ಸಮೇತ ಕೂತಿದ್ದ.

“ಸೆರೋವೇಲಿ ಯಾವನೋ ಮುದುಕ ಫೋನಿನ ಚರ್ಮ ಹೊತ್ತು ತಂದಿದ್ದ ಅಂತ ಪಲಾಪ್ಯೆ ಮಾರ್ಕೆಟ್ಟಲ್ಲೆಲ್ಲಾ ಅದೇ ಮಾತು. ಕೋಟು ಹೇಗಿತ್ತು ಅಂದೆ. ಮೊಣಕೈಲಿ ತೇಪೆ ಅಂದ್ರು. ಅದಕ್ಕೇ ಇವನನ್ನ ಕರ್ಕೊಂಡು ಬಂದೆ. ನೀನು ಬೆಳಗಿನ ಜಾವ ಹುಟ್ತು ಅಂದಿದ್ರೆ ಇವನನ್ನ ಇಲ್ಲೇ ಇಳಿಸ್ತಿದ್ದೆ.” ಆಮೇಲೆ ಗಾಡಿಯ ಕಡೆ ತಿರುಗಿ ಕೂಗಿದರು, “ಏಯ್, ಇಳೀಬೇಡ ಕಣೋ!”

ಹೊರಡುವಾಗ ಕಿಟಕಿಯಿಂದ ತಲೆ ಹೊರಹಾಕಿದರು. “ಕರಿಯಳೂ ಗಬ್ಬ ಇದ್ದಾಳೆ. ಷರತ್ತು ಅದೇ. ಸಣ್ಣಕ್ಷರ ಏನಿಲ್ಲ.”

ನವೆಂಬರ್ ೨೭, ಗುರುವಾರ

ನಿನ್ನೆ ಮಳೆ ಬಿತ್ತು, ನಿಜವಾದದ್ದು. ಹುತ್ತ ಒಂದು ಬದಿ ಕುಸಿದಿದೆ.

ಬಸಿಮಾನೆ ಬೆಳಗ್ಗೆಯೇ ಬಂದ. ಚಿನ್ನದ ಹೋರಿಯವರು ಈಗ ದುಡ್ಡೇ ಹಾಕದೆ ಐವತ್ತು ಸುತ್ತು ಪುಕ್ಕಟೆ ಕೊಡುತ್ತಾರಂತೆ, ಕೆಳಗೆ ಏನೋ ಉದ್ದಕ್ಕೆ ಬರೆದಿದ್ದಾರೆ. ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದ.

“ಇದೊಂದು ಓದಿ ಹೇಳು.”

“ನಂಗೆ ಓದೋಕೆ ಬರಲ್ಲ ಕಣೋ.”

“ಇಡೀ ಊರಿಗೆ ಓದಿ ಹೇಳ್ದೋನು!”

“ಬರ್ತಿತ್ತು. ಮರೆತುಹೋಯ್ತು.”

ನನ್ನ ಮುಖ ನೋಡಿದ, ಕೈಯಲ್ಲಿರುವ ಪೆನ್ನು ನೋಡಿದ, ಮಡಿಲಲ್ಲಿರುವ ಈ ಪುಸ್ತಕ ನೋಡಿದ. “ಮತ್ತೆ ಇದೇನು ಗೀಚ್ತಿದೀಯಾ?”

“ಏನೋ. ಓದೋಕೆ ಬಂದ್ರೆ ತಾನೆ ಗೊತ್ತಾಗೋದು.”

ಗೊಣಗಿಕೊಂಡು ಹುತ್ತದ ಕಡೆ ಹೋದ. ಜಾರುತ್ತದೆ ಎಂದು ಕೂಗಿ ಹೇಳಿದೆ.

ಕರಿಯಳು ಬೇಲಿಯ ಮೂಲೆಯಲ್ಲಿ ಒಬ್ಬಳೇ ನಿಂತಿದ್ದಾಳೆ. ಈಗ ಮಲಗಿದಳು. ಎದ್ದಳು. ಮತ್ತೆ ಮಲಗಿದಳು, ಬಾಲ ಪಕ್ಕಕ್ಕೆ ಹೊರಳಿದೆ. ಪೆನ್ನು ಇಡುತ್ತೇನೆ, ಅಂಗಿಯ ತೋಳು ಮಡಿಸಿಕೊಳ್ಳಬೇಕು.